ಸಾಹುಕಾರರ ಎರಡನೆಯ ಮಲಗುವ ಕೋಣೆ

ಗೆಳೆಯರೇ, ಎರಡು ಮಲಗುವ ಕೋಣೆಯ ಮನೆ ಖಾಲಿಯಿದೆ ಎಂದು ಕೇಳಿ, ಇವತ್ತು ಹೆಂಡತಿಯೊಡನೆ ಅಕ್ಕಲಕೋಟದಿಂದ ಸೋಲಾಪುರಕ್ಕೆ ಬಂದು, ಟಾಂಗಾ ಹಿಡಿದು ಹೋಗಿ ನೋಡಿದೆ. ಮಾಲೀಕರು ಜವಳಿ ಸಾಹುಕಾರರು, ಮೇಲಂತಸ್ತಿನಲ್ಲೇ ಇರುತ್ತಾರೆ. ನಮ್ಮ ಜಾತಿ, ಮಡಿ, ತಿನ್ನುವ ಉಳ್ಳಾಗಡ್ಡಿಯ ತನಕ ವಿಚಾರಣೆ ನಡೆಸಿ, ಕಡೆಗೆ ಎರಡನೆಯ ಕೋಣೆಯ ಬಾಗಿಲು ತೆರೆದರು. ಗೋಡೆಯುದ್ದಕ್ಕೂ ಅವರ ಮನೆದೇವರುಗಳು.

"ಈ ಖೋಲಿಯಾಗ ಯಾರೂ ಮಲಗಬ್ಯಾಡ್ರಿ. ದಿನಾ ಮುಂಜಾನೆ ಮಿಲ್ಲಿನ ಭೋಂಗಾ ಕೂಗೂದ್ರೊಳಗ ಜಳಕಾ ಮಾಡಿ, ದೀಪಾ ಹಚ್ಚಿ ನೈವೇದ್ಯ ತೋರಿಸ್ರಿ," ಎಂದರು.

"ದೇವರನ್ನ ಮ್ಯಾಲ ನಿಮ್ಮ ಮನಿಗೇ ಒಯ್ಯಬಹುದಲ್ರಿ?" ಎಂದಳು ಹೆಂಡತಿ.

"ಮ್ಯಾಲ ನಮಗಽ ಜಾಗಾ ಸಾಲವಲ್ದು, ವೈನಿ."

ಊರಲ್ಲೆಲ್ಲ ಪೂಜಾರಿಗೆ ಸಂಬಳ ಕೊಡುತ್ತಾರೆ. ಈ ಸಾಹುಕಾರರು ಹುಡುಕುತ್ತಿರುವುದು ತಿಂಗಳು ತಿಂಗಳು ಬಾಡಿಗೆ ಕೊಡುವ ಪೂಜಾರಿಯನ್ನು.