ಭಾಮೈದನ ಕಾಲು

ನನ್ನ ಕೆಲಸ ಪ್ಯಾರಾಶೂಟ್ ಮಡಚುವುದು. ಹೀಗೆ ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಷ್ಟೇನಾ?" ಅಷ್ಟೇ ಸ್ವಾಮಿ. ಒಂದು ಉದ್ದ ಮೇಜು, ಅದರ ಮೇಲೆ ನುಣುಪು ಬಟ್ಟೆ, ಕೆಳಗೆ ಇಳಿಬಿದ್ದ ಹಗ್ಗಗಳು, ಪಕ್ಕದಲ್ಲಿ ನಾನು. ನಾನು ಮಡಚಿಕೊಟ್ಟದ್ದನ್ನು ಯಾರೂ ಬಿಚ್ಚದೆ ಹಾಗೇ ವಾಪಸ್ಸು ತಂದುಕೊಟ್ಟರೆ ಆ ದಿನ ಚೆನ್ನಾಗಿ ಕಳೆಯಿತು ಅಂತ ಲೆಕ್ಕ. ತನ್ನ ಕೆಲಸ ಯಾರಿಗೂ ಉಪಯೋಗಕ್ಕೆ ಬರದಿರಲಿ ಅಂತ ದಿನಾ ಬೇಡಿಕೊಳ್ಳುವವನು ಈ ಆಫೀಸಿನಲ್ಲಿ ನಾನೊಬ್ಬನೇ.

ಇರಲಿ, ಈಗ ಹೇಳಹೊರಟಿರುವುದು ನನ್ನ ವಿಷಯ ಅಲ್ಲ, ನನ್ನ ಭಾಮೈದನದು. ನನ್ನ ಹೆಂಡತಿಯ ಒಬ್ಬನೇ ತಮ್ಮ. ನಾವಿಬ್ಬರೂ ಒಂದೇ ಸರ್ಕಾರಿ ಇಲಾಖೆಯಲ್ಲಿದ್ದೇವೆ. ಯಾರೇ ಹೊಸ ವಿಮಾನ ಮಾಡಲಿ, ಮಾರುವ ಮುಂಚೆ ಅದನ್ನು ನಮ್ಮ ಇಲಾಖೆಯ ಪೈಲಟ್‌ಗಳು ಹಾರಿಸಿ ನೋಡಿ ಸರಿ ಅನ್ನಬೇಕು. ಆ ಪೈಲಟ್‌ಗಳಿಗೆಲ್ಲ ಮೇಲೊಬ್ಬ ಮೇಲ್ವಿಚಾರಕ. ಯಾರು ಏನನ್ನು ಹಾರಿಸಬೇಕು, ಯಾವ ಪರೀಕ್ಷೆ ಮೊದಲು, ಕೊನೆಗೆ ವಿಮಾನ ಪಾಸೋ ಫೇಲೋ, ಎಲ್ಲ ಅವನ ತಲೆ ಮೇಲೆ. ಅವನೇ ನಮ್ಮ ಭಾಮೈದ. ಆಫೀಸಿನಲ್ಲಿ ಅವನಿಗೆ 'ದೊಡ್ಡೋರು' ಅಂತ ಹೆಸರು. ಹೊರಗೆ ಎದುರಾದರೆ ನಾನೂ 'ಸಾರ್' ಅಂದು ಪಕ್ಕಕ್ಕೆ ಸರಿಯುತ್ತೇನೆ. ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡನೋ, ಆಗ ಅವನು 'ಲೋ', ನಾನು 'ಭಾವ'.

ಪರೀಕ್ಷೆ ಮಾಡುವ ಚಟ ಅವನ ರಕ್ತದಲ್ಲೇ ಇದೆ. ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡದೆ ಕೂರುವವನಲ್ಲ. ನಾವು ಹೊಸ ಫ್ಯಾನ್ ತಂದ ದಿನ ಅದರ ಕೆಳಗೆ ನಿಂತು ಒಂದರಿಂದ ಐದರ ತನಕ ತಿರುಗಿಸಿದ, ಐದರಿಂದ ಒಂದಕ್ಕೆ ಇಳಿಸಿದ, ಆಮೇಲೆ ಗಲ್ಲ ಕೆರೆದುಕೊಳ್ಳುತ್ತ ನಿಂತ.

"ಮೂರರಿಂದ ನಾಲ್ಕಕ್ಕೆ ಹೋಗೋವಾಗ ಸ್ವಲ್ಪ ನಡುಗುತ್ತೆ ಅಕ್ಕಾ."

"ಗಾಳಿ ಬರುತ್ತೋ ಇಲ್ವೋ, ಅಷ್ಟು ಹೇಳು."

"ಬರುತ್ತೆ. ಆದ್ರೆ..."

"ನಿನ್ನ ಆದ್ರೆ ಗೀದ್ರೆ ಎಲ್ಲ ಆಫೀಸಲ್ಲಿ ಇಟ್ಕೋ. ಕೈ ತೊಳ್ಕೊಂಡು ಊಟಕ್ಕೆ ಬಾ."

ಅವನ ಹೆಂಡತಿಗೆ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ವಾರಕ್ಕೊಮ್ಮೆ ಬರುತ್ತಾಳೆ. ಉಳಿದ ದಿನ ಅವನ ರಾತ್ರಿಯೂಟ ನಮ್ಮ ಮನೆಯಲ್ಲೇ. ಅಕ್ಕ ಬೈಯುತ್ತಾಳೆ, ತಮ್ಮ ನಗುತ್ತಾನೆ, ಇಬ್ಬರೂ ಸೇರಿ ನನ್ನನ್ನು ಆಡಿಕೊಳ್ಳುತ್ತಾರೆ. ಸುಖವಾಗಿದ್ದೇವೆ ಅನ್ನಿ.

ಅವನಿಗೆ ಇದ್ದ ಕೊರಗು ಒಂದೇ. ಮೇಲ್ವಿಚಾರಕನಾದ ಮೇಲೆ ಹಾರಾಟ ಕಡಿಮೆಯಾಗಿ ಮೀಟಿಂಗ್ ಜಾಸ್ತಿಯಾಗಿತ್ತು. ಬೇರೆಯವರು ಹೆಲ್ಮೆಟ್ ಹಿಡಿದು ಹೊರಟರೆ ಇವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಒಂದು ಕಾಲಕ್ಕೆ ಅವನಂಥ ಕೈ ಇಡೀ ಇಲಾಖೆಯಲ್ಲಿರಲಿಲ್ಲ. ಇಂಥ ಮನುಷ್ಯನನ್ನು ಮೇಜಿಗೆ ಕಟ್ಟಿಹಾಕಿದರೆ ಕೈ ತುರಿಸದೆ ಇರುತ್ತದೆಯೇ?

ಆಗ ಬಂದಿತು ನೋಡಿ, ಆ ಪುಟ್ಟ ವಿಮಾನ. ಎರಡೇ ಸೀಟು, ಎರಡರ ಮುಂದೆಯೂ ಪೆಡಲ್, ಹಾರಾಟ ಕಲಿಯುವವರಿಗಾಗಿ ಮಾಡಿದ್ದು. ಸಣ್ಣ ಕಂಪನಿ. ಅದರ ಯಜಮಾನ ತಾನೇ ಶೆಡ್ಡಿನಲ್ಲಿ ನಿಂತು, ತಮ್ಮನ ಜೊತೆ ಸೇರಿ ಅದನ್ನು ಕಟ್ಟಿದ್ದ. ಒಳ್ಳೆಯ ಮನುಷ್ಯ, ಆದರೆ ಅವಸರದವನು. ನಮ್ಮ ಒಪ್ಪಿಗೆ ಒಂದು ಸಿಕ್ಕಿದರೆ ಸಾಕು, ಹಾರಾಟದ ಶಾಲೆಗಳು ಕೊಳ್ಳಲು ಕಾದು ಕೂತಿದ್ದವು.

ಅದರ ಪರೀಕ್ಷೆಯನ್ನು ಭಾಮೈದ ಹೊಸದಾಗಿ ಸೇರಿದ್ದ ಪೈಲಟ್ ಹುಡುಗಿಗೆ ಒಪ್ಪಿಸಿದ. ತೆಳ್ಳಗಿದ್ದಾಳೆ ಅಂತ ಮೆಕ್ಯಾನಿಕ್‌ಗಳು ಅವಳಿಗೆ 'ಕಡ್ಡಿ' ಅಂತ ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು, ಬೇಜಾರಿರಲಿಲ್ಲ. ಮಾತೂ ಕಡ್ಡಿ ಮುರಿದ ಹಾಗೆ. ನನಗಂತೂ ಅವಳು ಅಚ್ಚುಮೆಚ್ಚು, ಯಾಕೆಂದರೆ ಪ್ಯಾರಾಶೂಟ್ ತೆಗೆದುಕೊಳ್ಳುವಾಗ ಒಂದೊಂದು ಬಕಲ್ ಮುಟ್ಟಿ ನೋಡುತ್ತಿದ್ದಳು, ವಾಪಸ್ಸು ಕೊಡುವಾಗ ಎಸೆಯುತ್ತಿರಲಿಲ್ಲ.

ಎಲ್ಲ ಪರೀಕ್ಷೆಗಳಲ್ಲೂ ಕಷ್ಟದ್ದು ಸ್ಪಿನ್. ಅಂದರೆ ವಿಮಾನ ಮೂಗು ಕೆಳಗೆ ಮಾಡಿಕೊಂಡು ಬುಗುರಿಯ ಹಾಗೆ ಸುತ್ತುತ್ತ ಬೀಳುವುದು. ಬೇಕೆಂದೇ ಹಾಗೆ ಬೀಳಿಸಿ, ಒಂದು ಪೂರ್ತಿ ಸುತ್ತು ಏನೂ ಮಾಡದೆ ಸುಮ್ಮನೆ ಬಿಡಬೇಕು. ಕಲಿಯುವ ಮಕ್ಕಳಿಗೆ ಏನಾಗುತ್ತಿದೆ ಅಂತ ತಿಳಿಯುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದಲ್ಲ, ಅದಕ್ಕೆ. ಆಮೇಲೆ ಕಾಲಿನಿಂದ, ಸುತ್ತುವ ದಿಕ್ಕಿಗೆ ಎದುರು ಕಡೆಯ ಪೆಡಲ್ ಒತ್ತಬೇಕು. ಇನ್ನೊಂದು ಸುತ್ತಿನೊಳಗೆ ವಿಮಾನ ಸುತ್ತುವುದು ನಿಲ್ಲಿಸಬೇಕು. ನಿಂತರೆ ಪಾಸು.

ಕಡ್ಡಿ ಹೋಗಿ ಬಂದಳು. ನನ್ನ ಕೋಣೆಗೆ ಬಂದು ಪ್ಯಾರಾಶೂಟನ್ನು ಬೆನ್ನಿನಿಂದ ಕಳಚಿ ಮೇಜಿನ ಮೇಲಿಟ್ಟಳು. ಮುಖ ಬಿಳಿಚಿಕೊಂಡಿತ್ತು.

"ಇವತ್ತು ಇದು ಬೇಕಾಗುತ್ತೆ ಅಂದ್ಕೊಂಡೆ," ಅಂದಳು.

ಕೂರಿಸಿ ನೀರು ಕೊಟ್ಟೆ. ಪೆಡಲ್ ಒತ್ತಿದ ಮೇಲೂ ವಿಮಾನ ಒಂದು ಸುತ್ತಿಗೆ ನಿಲ್ಲಲಿಲ್ಲವಂತೆ. ಐದು ಸುತ್ತು ಸುತ್ತಿ, ಬಾಗಿಲು ತೆಗೆದು ಹಾರಿಬಿಡೋಣ ಅಂತ ಕೈ ಹಾಕುವ ಹೊತ್ತಿಗೆ ನಿಂತಿತಂತೆ. ನೀರು ಕುಡಿದು, ಎದ್ದು ಹೋಗಿ, ಫೇಲ್ ಅಂತ ಬರೆದುಕೊಟ್ಟಳು.

ಯಜಮಾನ ಬೆಂಕಿಯಾದ. ಅವನ ಕಂಪನಿಯ ಪೈಲಟ್ ಹಳೇ ಹುಲಿ, ಅವನು ಹತ್ತಾರು ಸಲ ಹೀಗೇ ಬೀಳಿಸಿ ಎತ್ತಿದ್ದನಂತೆ, ಒಂದು ಸಲವೂ ತೊಂದರೆ ಕೊಟ್ಟಿರಲಿಲ್ಲವಂತೆ. "ಹೊಸ ಹುಡುಗಿ, ಹೆದರ್ಕೊಂಡಿದ್ದಾಳೆ ಸಾರ್," ಅಂದ. ಕಡ್ಡಿ ಅಲ್ಲೇ ನಿಂತಿದ್ದಳು. "ಹೆದರಿದ್ದು ನಿಜ. ಐದು ಸುತ್ತೂ ನಿಜ," ಅಂದಳು.

ನಮ್ಮ ಪದ್ಧತಿಯಲ್ಲಿ ಇಂಥ ಹೊತ್ತಿಗೆ ಮೇಲ್ವಿಚಾರಕನಿಗೆ ಎರಡು ದಾರಿ. ಪೈಲಟ್ ಹೇಳಿದ್ದನ್ನು ಒಪ್ಪಿಕೊಳ್ಳುವುದು, ಇಲ್ಲವೇ ತಾನೇ ಹತ್ತಿ ಅದೇ ಪರೀಕ್ಷೆ ಮಾಡಿ ನೋಡುವುದು. ನಮ್ಮ ಭಾಮೈದ ಎರಡನೆಯದನ್ನು ಆರಿಸಿಕೊಂಡ. ಅವಳ ಮಾತಿಗೆ ತನ್ನ ಮಾತೂ ಸೇರಿದರೆ ಯಜಮಾನ ಬಾಯಿ ಮುಚ್ಚುತ್ತಾನೆ ಅಂತ ಕಾರಣ ಕೊಟ್ಟ. ನನಗೇನು ಗೊತ್ತಾಗುವುದಿಲ್ಲವೇ? ಪ್ಯಾರಾಶೂಟ್ ಕಟ್ಟಿಸಿಕೊಳ್ಳುವಾಗ ಅವನ ಮುಖ ಹಬ್ಬದ ಊಟಕ್ಕೆ ಹೊರಟವನ ಮುಖದ ಹಾಗಿತ್ತು. ಬಾಗಿಲಲ್ಲಿ ಕಡ್ಡಿ ನಿಂತಿದ್ದಳು.

ಮೂರು ಸಲ ಬೀಳಿಸಿದ. ಮೂರು ಸಲವೂ ವಿಮಾನ ಮುದ್ದಾಗಿ ಹೊರಗೆ ಬಂತು. ಕೆಳಗೆ ನಿಂತ ಯಜಮಾನ ಪಕ್ಕದವನ ಬೆನ್ನು ತಟ್ಟಿದ್ದೇ ತಟ್ಟಿದ್ದು.

ಆ ಸಂಜೆ ಕಡ್ಡಿ ನನ್ನ ಹತ್ತಿರ ಬಂದಳು. ಬೇರೆ ವಿಭಾಗಕ್ಕೆ ವರ್ಗ ಕೇಳುತ್ತೇನೆ ಅಂದಳು. "ದೊಡ್ಡೋರು ಹಾರಿಸಿದ್ರೆ ಸರಿ, ನಾನು ಹಾರಿಸಿದ್ರೆ ತಪ್ಪು. ಇನ್ಮೇಲೆ ನಾನು ಏನು ಬರ್ದ್ರೂ ಯಾರು ನಂಬ್ತಾರೆ ಅಂಕಲ್? ನಂಗೇ ನನ್ನ ಮೇಲೆ ಅನುಮಾನ ಬರ್ತಿದೆ." ಅವಳ ಕಣ್ಣಲ್ಲಿ ನೀರು. ನನಗೆ ಭಾಮೈದನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವನು ಹಾಗೆ ಹೋಗಿ ಹತ್ತಬಾರದಿತ್ತು. ನಾಳೆ ಅವನು ಪಾಸ್ ಅಂತ ಸಹಿ ಹಾಕಿದರೆ ಇವಳ ಪೈಲಟ್‌ಗಿರಿ ಅಲ್ಲಿಗೆ ಮುಗಿಯಿತು. ಇವಳು ಹೇಳಿದ್ದು ನಿಜವಾಗಿದ್ದರೆ, ಅದರಲ್ಲಿ ಕಲಿಯಲು ಹತ್ತಿದ ಇನ್ಯಾರದೋ ಮನೆಯ ಮಗುವಿನ ಕಥೆಯೂ.

ರಾತ್ರಿಯೂಟಕ್ಕೆ ಬಂದ. ನಾನು ಗಂಟುಮುಖ ಹಾಕಿಕೊಂಡು ಕೂತಿದ್ದೆ. ಗೆದ್ದು ಬಂದವನ ಹಾಗೆ ಅವನೂ ಇರಲಿಲ್ಲ. ತಟ್ಟೆಯ ಮುಂದೆ ಕೂತು ಎಲ್ಲೋ ನೋಡುತ್ತಿದ್ದ. ಮೇಜಿನ ಕೆಳಗೆ ಟಪ್ ಟಪ್ ಸದ್ದು.

"ಯಾಕೋ ಕಾಲು ಆಡಿಸ್ತೀಯ? ತಟ್ಟೆಯೆಲ್ಲ ಕುಣೀತಿದೆ," ಅಂದಳು ನನ್ನ ಹೆಂಡತಿ.

"ಇವತ್ತಿನದನ್ನೇ ಮನಸ್ಸಲ್ಲಿ ಹಾರಿಸ್ತಿದ್ದೆ ಅಕ್ಕಾ."

"ಮನಸ್ಸಲ್ಲಿ ಹಾರಿಸೋದಾದ್ರೆ ಕಾಲು ಯಾಕೆ ಬೇಕು? ಸುಮ್ಮನಿಟ್ಕೋ."

ಅವನು ಸುಮ್ಮನಿಟ್ಟುಕೊಂಡ. ಕಣ್ಣು ಮುಚ್ಚಿಕೊಂಡ. ಮತ್ತೆ ಟಪ್ ಅಂತು. ಈ ಸಲ ಅವನೇ ಬೆಚ್ಚಿ ಬಿದ್ದವನ ಹಾಗೆ ಕಣ್ಣು ಬಿಟ್ಟು, ಬಗ್ಗಿ ಮೇಜಿನ ಕೆಳಗೆ ತನ್ನ ಕಾಲನ್ನೇ ನೋಡಿದ. ಮತ್ತೊಮ್ಮೆ ಕಣ್ಣು ಮುಚ್ಚಿದ, ಬೆರಳಿನಿಂದ ಗಾಳಿಯಲ್ಲಿ ಸುತ್ತು ಹಾಕಿದ. ಬೆರಳು ಇನ್ನೂ ಅರ್ಧ ಸುತ್ತು ಬಂದಿರಲಿಲ್ಲ, ಟಪ್.

"ಭಾವ," ಅಂದ. ದನಿ ಇಳಿದಿತ್ತು. "ನಾನು ಒಂದು ಸುತ್ತು ಬಿಡ್ಲೇ ಇಲ್ಲ. ಬಿಟ್ಟೆ ಅಂದ್ಕೊಂಡೆ. ಅರ್ಧ ಸುತ್ತು ಆಗೋದಕ್ಕೆ ಮುಂಚೇನೇ ನನ್ನ ಕಾಲು ಎದುರು ಪೆಡಲ್ ಒತ್ತಿಬಿಟ್ಟಿದೆ. ಮೂರು ಸಲಾನೂ. ನನ್ನನ್ನ ಒಂದು ಮಾತು ಕೇಳದೆ."

ಅಷ್ಟು ವರ್ಷ ಹಾರಿಸಿ ಹಾರಿಸಿ ಪಳಗಿದ ಕಾಲು. ವಿಮಾನ ತಪ್ಪು ಮಾಡುವ ಮೊದಲೇ ಅದು ತಿದ್ದಿಬಿಟ್ಟಿತ್ತು. ಕಂಪನಿಯ ಹಳೇ ಹುಲಿಯ ಕಾಲೂ ಅದೇ ಜಾತಿಯದ್ದು. ಪುಸ್ತಕದಲ್ಲಿ ಬರೆದಂತೆ ಕಾದು ಕೂತವಳು ಕಡ್ಡಿ ಒಬ್ಬಳೇ. ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ಹೆಂಡತಿಗೆ ಇದ್ಯಾವುದೂ ಅರ್ಥವಾಗಲಿಲ್ಲ, "ಮೊದ್ಲು ಊಟ ಮಾಡು" ಅಂದು ಇನ್ನಷ್ಟು ಬಡಿಸಿದಳು.

ಮರುದಿನ ಬೆಳಿಗ್ಗೆ ಅವನು ಎಲ್ಲರನ್ನೂ ಮೀಟಿಂಗ್ ಕೋಣೆಗೆ ಕರೆದ. ಯಜಮಾನ, ಅವನ ಪೈಲಟ್, ನಮ್ಮ ಮೆಕ್ಯಾನಿಕ್‌ಗಳು, ಇಲಾಖೆಯ ನಿರ್ದೇಶಕರು, ಕೊನೆಯ ಸಾಲಿನಲ್ಲಿ ನಾನು. ಕಡ್ಡಿ ಬಾಗಿಲ ಹತ್ತಿರ ಕೂತಿದ್ದಳು.

"ನಿನ್ನೆಯ ನನ್ನ ಹಾರಾಟ ಲೆಕ್ಕಕ್ಕಿಲ್ಲ. ಇವರು ಮಾಡಿದ್ದೇ ಸರಿಯಾದ ಪರೀಕ್ಷೆ. ವಿಮಾನ ಫೇಲ್," ಅಂದ.

ನಿರ್ದೇಶಕರು ಕನ್ನಡಕ ತೆಗೆದರು. "ಏನ್ರೀ ಇದು? ನೀವೇ ಹಾರಿಸಿ ಚೆನ್ನಾಗಿದೆ ಅಂದ್ರಿ."

"ನನಗೆ ಚೆನ್ನಾಗಿದೆ ಸಾರ್. ಆದ್ರೆ ಇದನ್ನ ಮಾರೋದು ನನಗಲ್ಲವಲ್ಲ." ಆಮೇಲೆ ಕಾಲಿನ ವಿಷಯವನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದ. ಹೇಳಿ ಕಡ್ಡಿಯ ಕಡೆ ತಿರುಗಿದ. "ನಿಮ್ಮ ಮಾತು ನಂಬಬೇಕಾಗಿತ್ತು. ನನಗೆ ಹಾರೋ ಆಸೆ, ಅದಕ್ಕೆ ಬೇರೆ ಕಾರಣ ಕಟ್ಕೊಂಡೆ. ತಪ್ಪಾಯ್ತು."

ಕಂಪನಿಯ ಹಳೇ ಹುಲಿ ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದ. ಯಜಮಾನನ ಮುಖ ಸಪ್ಪಗಾಯಿತು, ಆದರೂ ಮನುಷ್ಯ ದೊಡ್ಡವನು, ಕಡ್ಡಿಯ ಮುಂದೆ ಹೋಗಿ "ಎಲ್ಲಿ ಸರಿ ಮಾಡಬೇಕು, ಹೇಳಿ ತಾಯಿ" ಅಂದ. ಅವಳು ಅವನನ್ನು ವಿಮಾನದ ಬಾಲದ ಹತ್ತಿರ ಕರೆದುಕೊಂಡು ಹೋದಳು. ವರ್ಗಾವಣೆಯ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ, ನಾನೂ ಕೆದಕಲಿಲ್ಲ.

ಕೆಲವು ತಿಂಗಳ ಮೇಲೆ ವಿಮಾನ ದೊಡ್ಡ ಬಾಲ ಕಟ್ಟಿಕೊಂಡು ಬಂತು. ಕಡ್ಡಿ ಒಬ್ಬಳೇ ಹಾರಿಸಿ ನೋಡಿದಳು, ಸರಿಯಾಗಿತ್ತು. ಕೊನೆಗೆ ಉಳಿದದ್ದು ಇಬ್ಬರ ಭಾರ ಹೊತ್ತು ಬೀಳಿಸುವ ಪರೀಕ್ಷೆ. ಇದಕ್ಕೆ ಪಕ್ಕದ ಸೀಟಿಗೆ ಮರಳಿನ ಚೀಲ ಕಟ್ಟುವುದು ವಾಡಿಕೆ. ಆ ಬೆಳಿಗ್ಗೆ ನಮ್ಮ ಭಾಮೈದ ನನ್ನ ಕೋಣೆಗೆ ಬಂದು ತನಗೂ ಒಂದು ಪ್ಯಾರಾಶೂಟ್ ಕಟ್ಟು ಅಂದ.

"ಯಾಕೆ?"

"ಮರಳಿನ ಬದಲು ನಾನು ಕೂರ್ತೀನಿ. ಅವಳ ಮೇಲೆ ನಂಬಿಕೆ ಇದೆ ಅಂತ ಗೊತ್ತಾಗ್ಲಿ."

"ನಂಬಿಕೆ ಇದ್ರೆ ಬಾಯಲ್ಲಿ ಹೇಳೋ. ಮೈಮೇಲೆ ಹೋಗಿ ಬೀಳ್ಬೇಕಾ?" ಅಂತ ಗದರಿದೆ. ಕೇಳಬೇಕಲ್ಲ. ಬೈಯುತ್ತಲೇ ಕಟ್ಟಿದೆ.

ಕಡ್ಡಿ ವಿಮಾನದ ಪಕ್ಕದಲ್ಲಿ ನಿಂತಿದ್ದಳು. ಇವನು ಹೆಲ್ಮೆಟ್ ಹಿಡಿದು ಹೋಗಿ ಕೇಳಿದ. "ನಿಮ್ಮ ಹಾರಾಟ, ನೀವು ಒಪ್ಪಿದ್ರೆ ಮಾತ್ರ. ಬರ್ಲಾ?"

ಅವಳು ಅವನನ್ನೂ ನೋಡಿದಳು, ಚೀಲವನ್ನೂ ನೋಡಿದಳು.

"ಬೇಡ ಸಾರ್. ಮರಳಿನ ಚೀಲಕ್ಕೆ ಕಾಲಿರಲ್ಲ."

ಮೆಕ್ಯಾನಿಕ್‌ಗಳು ಮುಖ ತಿರುಗಿಸಿಕೊಂಡು ನಕ್ಕರು. ಭಾಮೈದ ಬಗ್ಗಿ ತನ್ನ ಬೂಟು ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ಹಗುರಾಗಿ ಅವನು ನಕ್ಕಿದ್ದನ್ನು ನಾನು ನೋಡಿ ಎಷ್ಟು ದಿನವಾಗಿತ್ತೋ. ಬಂದು, ಬಕಲ್ ಬಿಚ್ಚಿ, ಪ್ಯಾರಾಶೂಟನ್ನು ನನ್ನ ಕೈಗಿಟ್ಟ. ಇಬ್ಬರೂ ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು. ಯಜಮಾನ ಉಗುರು ಕಚ್ಚುತ್ತ ನಮ್ಮ ಪಕ್ಕ ನಿಂತ.

ವಿಮಾನ ಮೇಲೆ ಹೋಗಿ ಸಣ್ಣ ಹಕ್ಕಿಯಷ್ಟಾಯಿತು. ಕಿಟಕಿಯಲ್ಲಿಟ್ಟ ರೇಡಿಯೋದಲ್ಲಿ ಅವಳ ದನಿ: "ಶುರು ಮಾಡ್ತಿದೀನಿ." ಮೂಗು ಎತ್ತಿತು, ಒಂದು ಕ್ಷಣ ನಿಂತಿತು, ಪಕ್ಕಕ್ಕೆ ಉರುಳಿ ಸುತ್ತತೊಡಗಿತು. ಭಾಮೈದನ ಬೂಟು ನನ್ನ ಪಕ್ಕದಲ್ಲಿ ನೆಲವನ್ನು ಒತ್ತಿತು. ನಾನು ನನ್ನ ಕಾಲೆತ್ತಿ ಅವನ ಬೂಟಿನ ಮೇಲಿಟ್ಟೆ.

"ಇನ್ನೂ ಒಂದು ಸುತ್ತಾಗಿಲ್ಲ. ಸುಮ್ಮನಿರೋ," ಅಂದೆ.

ಅವನ ಕಾಲು ಸಡಿಲವಾಯಿತು. ಅವಳು ಸುತ್ತು ಮುಗಿಯುವ ತನಕ ಕಾದಳು. ಆಮೇಲೆ ಒತ್ತಿದಳು. ವಿಮಾನ ಸುತ್ತುವುದು ನಿಲ್ಲಿಸಿ, ಮೂಗೆತ್ತಿ, ನೇರವಾಗಿ ಹಾರಿತು.

"ಸರಿ ಇದೆ," ಅಂತು ರೇಡಿಯೋ.

ಯಜಮಾನನ ಕಣ್ಣು ಒದ್ದೆಯಾಗಿತ್ತು. ಆದರೂ ಚಪಲ ನೋಡಿ, ಭಾಮೈದನ ಕಡೆ ಬಗ್ಗಿ ಕೇಳಿದ: "ನೀವೂ ಒಂದು ಸಲ ಹಾರಿಸಿ ನೋಡಿಬಿಡಿ ಸಾರ್, ನನ್ನ ಸಮಾಧಾನಕ್ಕೆ."

"ಅವರು ನೋಡಿ ಆಯ್ತಲ್ಲ," ಅಂದ ನಮ್ಮ ಭಾಮೈದ. ನನ್ನ ಕಾಲಿನ ಕೆಳಗಿಂದ ತನ್ನ ಕಾಲನ್ನು ಅವನು ಎಳೆದುಕೊಳ್ಳಲಿಲ್ಲ.