ಒಂದನೇ ತಾರೀಖಿಗೆ ಬಂದ ತಂತಿ

ಕಳೆದ ವಾರ ಸೊಸೆ ಪೇಟೆಯಿಂದ ಒಂದು ಜೊತೆ ಅಥಣಿ ಚಪ್ಪಲಿ ತಂದಳು. ಸುತ್ತಿದ ಕಾಗದ ಬಿಚ್ಚಿದ ಕೂಡಲೇ ಎಣ್ಣೆ ಹಚ್ಚಿದ ಹೊಸ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ನಾನು ಒಂದು ಕ್ಷಣ ಅಥಣಿಯ ನಮ್ಮ ಬ್ಯಾಂಕಿನ ಶಾಖೆಯಲ್ಲಿ ನಿಂತಿದ್ದೆ. ಶಾಖೆಯ ಕೆಳಗೆ ಚಪ್ಪಲಿ ಅಂಗಡಿಗಳು, ಮೇಲೆ ನಾವು. ಬೆಳಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಚಪ್ಪಲಿಯ ಕರ್ ಕರ್ ಸದ್ದಾದರೆ ಅಕೌಂಟಂಟ್ ಸಾಹೇಬರು ಬಂದರು ಎಂದೇ ಅರ್ಥ...

ಎಂಬತ್ತರ ದಶಕದ ಕೊನೆಯ ವರ್ಷಗಳವು. ಧಾರವಾಡದಿಂದ ಹೊಸದಾಗಿ ಆಫೀಸರ್ ಆಗಿ ಹೋಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರು ರಾಯಬಾಗದ ಕಡೆಯವರು, ಐವತ್ತು ದಾಟಿದವರು, ಮಾತು ಕಡಿಮೆ. ಊರಿನಲ್ಲಿದ್ದ ಮೂರು ಬ್ಯಾಂಕಿನವರು ದಿನಾ ಹನ್ನೊಂದೂವರೆಗೆ ನಮ್ಮಲ್ಲಿ ಕೂಡಿ, ಒಬ್ಬರ ಚೆಕ್ಕು ಒಬ್ಬರಿಗೆ ಕೊಟ್ಟು, ಉಳಿದ ವ್ಯತ್ಯಾಸವನ್ನಷ್ಟೇ ಚುಕ್ತಾ ಮಾಡಿಕೊಳ್ಳುತ್ತಿದ್ದರು. ಊರಾಚೆಯ ಚೆಕ್ಕಾದರೆ ಟಪಾಲಿನಲ್ಲಿ ಹೋಗಿ ಬರಲು ಹದಿನೈದು ದಿನ, ಇಪ್ಪತ್ತು ದಿನ. ರೈತರು ಬಂದು ಬಂದು ಕೇಳುವರು. ನನಗೆ ಬೇಸರವಾಗುತ್ತಿತ್ತು. ಸಾಹೇಬರು ಮಾತ್ರ, "ಕಾಗದ ಬಂತಂದ್ರ ರೊಕ್ಕ ಬಂತು ಅಂತಲ್ಲ ತಂಗಿ. ಆ ಬ್ಯಾಂಕು ಈ ಬ್ಯಾಂಕಿಗೆ ಖರೇನ ಮುಟ್ಟಿಸಬೇಕು. ಅಲ್ಲೀತನಕ ಅದು ಬರೀ ಮಾತು," ಎನ್ನುತ್ತಿದ್ದರು.

ಅವಸರದ ಹಣಕ್ಕೆ ಇದ್ದದ್ದು ತಂತಿಯೊಂದೇ. ದೂರದ ಶಾಖೆಯವರು ಟೆಲಿಗ್ರಾಂ ಕೊಡುವರು: ಇಂಥವರ ಖಾತೆಗೆ ಇಷ್ಟು ಹಾಕಿರಿ. ಕೊನೆಗೊಂದು ಗುಟ್ಟಿನ ಸಂಖ್ಯೆ. ಮೊತ್ತಕ್ಕೊಂದು ಅಂಕಿ, ತಿಂಗಳಿಗೊಂದು, ತಾರೀಖಿಗೊಂದು, ಶಾಖೆಗೊಂದು. ನಮ್ಮ ಕಪಾಟಿನಲ್ಲಿದ್ದ ಪುಸ್ತಕ ನೋಡಿ ಅವನ್ನೆಲ್ಲ ಕೂಡಿಸಿದಾಗ ತಂತಿಯಲ್ಲಿದ್ದ ಸಂಖ್ಯೆಯೇ ಬರಬೇಕು. ಬಂದರೆ ತಂತಿ ನಿಜ. ಬರದಿದ್ದರೆ ಒಂದು ಪೈಸೆಯೂ ಕೊಡುವಂತಿಲ್ಲ.

ಆ ದಿನ ಒಂದನೇ ತಾರೀಖು. ಮ್ಯಾನೇಜರು ರಜೆಯ ಮೇಲಿದ್ದರು. ಕೊಕಟನೂರಿನ ಹೆಣ್ಣುಮಗಳೊಬ್ಬಳು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. ಗಂಡ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಮಿರಜಿನ ದವಾಖಾನೆಯಲ್ಲಿದ್ದ. ಮರುದಿನ ಬೆಳಗ್ಗೆ ಆಪರೇಷನ್. ಮುಂಬಯಿಯಲ್ಲಿ ಗಿರಣಿಯ ಕೆಲಸಕ್ಕಿದ್ದ ಅವಳ ಅಣ್ಣ ಐದು ಸಾವಿರ ರೂಪಾಯಿ ತಂತಿಯಲ್ಲಿ ಹಾಕಿದ್ದ. ಹಾಲಿನ ಬಿಲ್ಲಿಗೆಂದು ನಮ್ಮಲ್ಲೇ ತೆಗೆದಿದ್ದ ಅವಳ ಖಾತೆಗೆ ಅದು ಬರಬೇಕಿತ್ತು.

ತಂತಿ ಹನ್ನೊಂದಕ್ಕೆ ಬಂತು. ನಾನು ಅಂಕಿ ಕೂಡಿಸಿದೆ. ಹೊಂದಲಿಲ್ಲ. ಮತ್ತೊಮ್ಮೆ ಕೂಡಿಸಿದೆ. ಆಗಲೂ ಅಷ್ಟೇ. ಸಂಬಳದ ದಿನ, ಕೌಂಟರಿನ ಮುಂದೆ ಮಾಸ್ತರರ ಗದ್ದಲ. ಸಾಹೇಬರು ತಲೆ ಎತ್ತದೆಯೇ ಕೇಳಿದರು: "ಎರಡು ಸಲ ನೋಡಿದಿ?"

"ನೋಡಿದೆ ಸರ್. ಹೊಂದವಲ್ದು."

ಅವರು ಪೆನ್ನು ಕೆಳಗಿಟ್ಟರು. ಮುಂಬಯಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿಸಿದರು. ಒಂದು ಗಂಟೆಯಾದರೂ ಲೈನ್ ಸಿಗಲಿಲ್ಲ. ಆ ಹೆಣ್ಣುಮಗಳು ಅಳಲಿಲ್ಲ, ಜಗಳ ಮಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. "ಕೊಟ್ಟುಬಿಡೋಣ್ರಿ ಸರ್. ಆಕಿ ಸುಳ್ಳು ಹೇಳಾಕತ್ತಿಲ್ಲ," ಎಂದೆ.

"ಆಕಿ ಸುಳ್ಳು ಹೇಳಾಕತ್ತಾಳ ಅಂತ ಯಾರಂದ್ರು? ಅಂಕಿ ಹೊಂದಿಲ್ಲ. ಬ್ಯಾಂಕಿನ ರೊಕ್ಕ ಕೊಡಾಕ ನನಗ ಹಕ್ಕಿಲ್ಲ."

ಎಂಥ ಕಲ್ಲು ಮನುಷ್ಯ ಎಂದು ಆ ಗಳಿಗೆಯಲ್ಲಿ ಅಂದುಕೊಂಡೆ. ನಾಚಿಕೆಯಾದರೂ ಅದನ್ನು ಬರೆಯಲೇಬೇಕು. ಸಾಹೇಬರು ಡ್ರಾವರಿನಿಂದ ತಮ್ಮದೇ ಪಾಸ್‌ಬುಕ್ ತೆಗೆದರು. ಹಣ ತೆಗೆಯುವ ಚೀಟಿ ಬರೆದು ಕ್ಯಾಶಿಯರ್ ಮುಂದಿಟ್ಟರು. ಐದು ಸಾವಿರ. ಅವರ ಎರಡು ತಿಂಗಳ ಪಗಾರ.

"ತಗೋ ಯವ್ವಾ. ನಿನ್ನ ತಂತಿ ಖುಲಾಸ ಆದ ಮ್ಯಾಲ ತಿರುಗಿ ಕೊಡುವಂತಿ."

"ಏನರ ಬರದು ಕೊಡಬೇಕೇನ್ರಿ ಸಾಹೇಬ್ರ?"

"ಬರಿಯೋದು ಇರಲಿ. ಮಿರಜ್ ಬಸ್ಸು ಎರಡಕ್ಕ ಐತಿ. ಮೊದಲ ಅದನ್ನ ಹಿಡಿ."

ಕೌಂಟರ್ ಮುಚ್ಚಿದ ಮೇಲೆ ಸಾಹೇಬರು ತಂತಿಯನ್ನೂ ಪುಸ್ತಕವನ್ನೂ ಹಿಡಿದು ನನ್ನ ಮೇಜಿಗೆ ಬಂದರು. "ಯಾವ ತಾರೀಖು ಹಿಡದು ಕೂಡಿಸಿದಿ?" "ಇವತ್ತಿಂದು ಸರ್," ಎಂದೆ. ಅವರು ತಂತಿಯ ಮೂಲೆಯಲ್ಲಿ ಬೆರಳಿಟ್ಟರು. ಮುಂಬಯಿಯವರು ಅದನ್ನು ಕೊಟ್ಟದ್ದು ಹಿಂದಿನ ದಿನ, ಮೂವತ್ತೊಂದಕ್ಕೆ. ಹಿಡಿಯಬೇಕಾದದ್ದು ಕಳಿಸಿದ ದಿನ, ಮುಟ್ಟಿದ ದಿನವಲ್ಲ. ತಾರೀಖೂ ಬೇರೆ, ತಿಂಗಳೂ ಬೇರೆ. ನಾನು ಅದೇ ತಪ್ಪನ್ನು ಎರಡು ಸಲ ಮಾಡಿದ್ದೆ.

ಕಣ್ಣಲ್ಲಿ ನೀರು ಬಂತು. ಕೆಲಸ ಹೋಯಿತು ಎಂದುಕೊಂಡೆ. ಸಾಹೇಬರು ಮತ್ತೆ ಕೂಡಿಸಿದರು, ಸಂಖ್ಯೆ ಸರಿಯಾಗಿ ಬಂತು, ಹಣವನ್ನು ಆಕೆಯ ಖಾತೆಗೆ ಹಾಕಿದರು. "ತಂತಿ ತಪಾಸಿಗೆ ಎರಡನೇ ಸಹಿ ನಂದು. ಆಗ್ಲೇ ನಾನೂ ಕೂಡಿಸಿ ನೋಡಬೇಕಾಗಿತ್ತು. ನೋಡಲಿಲ್ಲ," ಎಂದರು. ಮ್ಯಾನೇಜರು ಮರಳಿ ಬಂದಾಗ ಅವರೇ ಒಳಗೆ ಹೋಗಿ, "ನಾವಿಬ್ರೂ ತಪ್ಪಿದ್ವಿ," ಎಂದು ಹೇಳಿ ಬಂದರು. ನನ್ನ ಹೆಸರು ಯಾವ ಕಾಗದಕ್ಕೂ ಹೋಗಲಿಲ್ಲ. ಮುಂದೆ ಆರು ತಿಂಗಳು ನಾನು ಕೂಡಿಸಿದ್ದನ್ನೆಲ್ಲ ಪಕ್ಕದಲ್ಲಿ ಕೂತು ನೋಡಿದರು. ಒಂದು ದಿನವೂ ಆ ತಂತಿಯ ಮಾತೆತ್ತಲಿಲ್ಲ.

ತಿಂಗಳ ನಂತರ ಆ ಹೆಣ್ಣುಮಗಳು ಗಂಡನನ್ನೇ ಕರೆದುಕೊಂಡು ಬಂದಳು. ಅವನ ಕೈಯಲ್ಲಿ ಕೋಲಿತ್ತು, ಆದರೆ ತಾನೇ ಮೆಟ್ಟಿಲು ಹತ್ತಿದ್ದ. ಹಣ ತಿರುಗಿ ಕೊಟ್ಟು ಸಾಹೇಬರ ಕಾಲಿಗೆ ಬಗ್ಗಿದಳು. ಅವರು ಹಿಂದೆ ಸರಿದು, "ನಿನ್ನ ತಂತಿ ಬಿಡಿಸಿದ್ದು ಈ ಬಾಯಾರು," ಎಂದು ನನ್ನತ್ತ ಕೈ ತೋರಿಸಿದರು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. "ಇಲ್ಲವ್ವಾ, ಆವತ್ತು ತಪ್ಪಿದ್ದೂ ನಾನ," ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. "ಅಂವ ಎದ್ದು ಅಡ್ಡ್ಯಾಡಾಕತ್ತಾನಲ್ರಿ... ಅಷ್ಟ ಸಾಕು, ಬಿಡ್ರಿ ಬಾಯಾರ," ಎಂದಳು.

ಮುಂದೆ ನನಗೆ ವರ್ಗವಾಯಿತು. ಸಾಹೇಬರು ತೊಂಬತ್ತರ ದಶಕದ ನಡುವೆ ನಿವೃತ್ತರಾಗಿ ಊರು ಸೇರಿದರು. ನಾನು ಶಾಖೆಯೊಂದರ ಮ್ಯಾನೇಜರ್ ಆಗಿದ್ದಾಗ ಬ್ಯಾಂಕುಗಳ ನಡುವೆ ಆ ಗಳಿಗೆಯಲ್ಲೇ ಹಣ ಚುಕ್ತಾ ಆಗುವ ಹೊಸ ವ್ಯವಸ್ಥೆ ಬಂತು. ಮೊದಲ ಮೊತ್ತ ಕಳಿಸಿ, ಅಭ್ಯಾಸ ಬಲದಿಂದ ಆ ಕಡೆಯ ಬ್ಯಾಂಕಿಗೆ ಫೋನು ಮಾಡಿದೆ. "ಅದು ಆಗಲೇ ಬಂತಲ್ಲ ಮೇಡಂ," ಎಂದು ಹುಡುಗಿ ನಕ್ಕಳು. ಇದನ್ನು ಸಾಹೇಬರಿಗೆ ನಾನೇ ಹೇಳಬೇಕು ಅನ್ನಿಸಿತು. ಆ ಭಾನುವಾರವೇ ಅವರೂರಿನ ಬಸ್ಸು ಹತ್ತಿದೆ.

ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು. ಸಾಹೇಬರಿಗೆ ಹೇಳಬೇಕೆಂದು ಬಂದದ್ದನ್ನೇ ಅವರಿಗೆ ಹೇಳಿದೆ. ಎಲ್ಲ ಬ್ಯಾಂಕುಗಳಿಗೂ ದೇಶದ ಕೇಂದ್ರ ಬ್ಯಾಂಕಿನಲ್ಲಿ ಖಾತೆ ಇದೆ; ಒಂದರಿಂದ ಕಳೆದ ಕ್ಷಣವೇ ಇನ್ನೊಂದಕ್ಕೆ ಕೂಡುತ್ತದೆ; ಅಲ್ಲಿಗೆ ಮುಗಿಯಿತು, ಮುಟ್ಟಿದ್ದು ಮುಟ್ಟಿದ ಹಾಗೆ. ಹಾಗೇ ಆ ಕೊಕಟನೂರಿನ ಹೆಣ್ಣುಮಗಳ ಸಂಗತಿಯನ್ನೂ ಹೇಳಿದೆ.

"ಐದು ಸಾವಿರಾನ?" ಎಂದರು ಅವರು. ಮನೆಯಲ್ಲಿ ಸಾಹೇಬರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. "ಆ ವರ್ಷ ಮಗಳ ನಿಶ್ಚಯಾನ ಒಂದು ತಿಂಗಳು ಮುಂದ ಹಾಕಿದ್ರು. ನಾ ನಾಕು ದಿನ ಮಾತು ಬಿಟ್ಟಿದ್ದೆ. ಯಾಕಂತ ಈಗ ತಿಳೀತು ನೋಡ್ರಿ."

ಒಂದು ಕೃತಜ್ಞತೆಯ ಮಾತು ಹೇಳಲು ಹೋಗಿದ್ದೆ. ಅಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿದ್ದಾಗ ಹೇಳದೆ ಉಳಿದ ಮಾತು... ಅದನ್ನು ಅವರ ಹೆಂಡತಿಯ ಎರಡೂ ಕೈ ಹಿಡಿದುಕೊಂಡು ಹೇಳಿ ಬಂದೆ.