ಖಾಲಾ ತಂದ ತೊಟ್ಟಿಲು

ಹೋದ ತಿಂಗಳು ಹಳೇ ಸಾಮಾನಿನ ಅಂಗಡಿಯಿಂದ ಒಂದು ಸಾಗವಾನಿ ಕುರ್ಚಿ ತಂದೆ. ಅದರ ಕೈಯ ಮೇಲೆ ಯಾರ ಮನೆಯ ಮಗುವೋ ಮೊಳೆಯಿಂದ ಗೀಚಿದ ಗೆರೆಗಳಿದ್ದವು. ಧೂಳು ಒರೆಸಿ, ಬಟ್ಟೆಯ ತುಂಡನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ತಿಕ್ಕತೊಡಗಿದೆ. ಹಳೆಯ ಕಟ್ಟಿಗೆಗೆ ಎಣ್ಣೆ ಇಳಿದಾಗ ಏಳುವ ಆ ವಾಸನೆ ಮನೆಯೆಲ್ಲ ಹರಡಿತು... ನನ್ನ ಕೈ ತಾನಾಗಿ ನಿಂತಿತು. ಬೀದರಿನ ಹಳೆಯ ಓಣಿಯಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗಿದ್ದ ಖಾಲಾ ನೆನಪಾದರು.

ಖಾಲಾ ಅಂದರೆ ಅವರ ಉರ್ದು ಮಾತಿನಲ್ಲಿ ತಾಯಿಯ ಒಡಹುಟ್ಟಿದವಳು. ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮದುವೆಯಾಗಿ ಔರಾದಿನಿಂದ ಬಂದಾಗ ನನ್ನ ಜೊತೆ ಇದ್ದದ್ದು ಒಂದು ಟ್ರಂಕು ಮತ್ತು ತೀರಿಹೋದ ಅವ್ವನ ನಾಲ್ಕಾರು ನೂಲಿನ ಸೀರೆ. ಯಜಮಾನರಿಗೆ ಊರ ಹೊರಗಿನ ಕೊಳಾರದ ಗೋದಾಮಿನಲ್ಲಿ ಆಗತಾನೇ ಕೆಲಸ ಸಿಕ್ಕಿತ್ತು. ಎರಡು ಕೋಣೆಯ ಆ ಮನೆಯಲ್ಲಿ ಒಂದು ಚಮಚ ಬಿದ್ದರೂ ದೊಡ್ಡ ಸದ್ದಾಗುತ್ತಿತ್ತು.

ಮೊದಲ ವಾರವೇ ಖಾಲಾ ಒಳಗೆ ಬಂದು, ಸುತ್ತ ಕಣ್ಣಾಡಿಸಿ, "ಮನಿ ಚಲೋ ಅದ ಬೇಟಿ. ಸ್ವಲ್ಪ ಒಣಗ್ಯದ ಅಷ್ಟೇ" ಅಂದರು. ಮರುದಿನ ಕೈಹಿಡಿದು ಹಳೇ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದರು. ಅವರು ವಸ್ತುಗಳನ್ನು ನೋಡುವ ರೀತಿಯೇ ಬೇರೆ. ತಾಮ್ರದ ಹಂಡೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದರು; ಮೇಜನ್ನು ತಿರುವಿ ಹಾಕಿ ಅದರ ಹೊಟ್ಟೆ ನೋಡುತ್ತಿದ್ದರು. ಅವರ ಮನೆಯಲ್ಲಿ ಅಂಗಡಿಯಿಂದ ಹೊಸದಾಗಿ ಬಂದದ್ದು ಏನೂ ಇದ್ದಂತೆ ನನಗೆ ನೆನಪಿಲ್ಲ. ಪರದೆ ತಂಗಿಯ ದುಪಟ್ಟಾದ್ದು, ಉಪ್ಪಿನಕಾಯಿ ಭರಣಿ ಬೀಗರು ಕೊಟ್ಟದ್ದು, ಕನ್ನಡಿ ಯಾವುದೋ ಹವೇಲಿ ಕೆಡವಿದಾಗ ಸಿಕ್ಕದ್ದು. ಒಂದೊಂದಕ್ಕೂ ಒಂದು ಕತೆ. ಚಹಾ ಕುಡಿಯುತ್ತ ಆ ಕತೆ ಹೇಳುವಾಗ ಅವರ ಮುಖ ಅರಳುತ್ತಿತ್ತು. ಒಂದು ವರ್ಷದೊಳಗೆ ನನ್ನ ಮನೆಯೂ ಹಾಗೇ ತುಂಬಿಕೊಂಡಿತು. ಕಾಲು ಕುಂಟುವ ಮೇಜಿಗೆ ನಾನೇ ಬೆಣೆ ಕೊಟ್ಟು ನಿಲ್ಲಿಸಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ.

ಆಮೇಲೆ ನಾನು ಬಸುರಿಯಾದೆ. ನಮ್ಮಲ್ಲಿ ಮೊದಲ ಕೂಸಿಗೆ ತೊಟ್ಟಿಲು ತವರಿನಿಂದ ಬರಬೇಕು. ನನಗೆ ತವರು ಅಂದರೆ ಅಪ್ಪ ಒಬ್ಬರೇ. ಅವರಿಗೆ ಇಂಥ ಸಂಗತಿ ಹೊಳೆಯುತ್ತಿರಲಿಲ್ಲ, ನಾನೂ ಬಾಯಿಬಿಟ್ಟು ಕೇಳಲಿಲ್ಲ. ಖಾಲಾ ಮುಂದೆಯೂ ಹೇಳಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಕೈಗಾಡಿಯ ಮೇಲೆ ಹಳೆಯ ಕಟ್ಟಿಗೆಯ ತೊಟ್ಟಿಲೊಂದು ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಹಿಂದೆ ಬುರ್ಖಾದಲ್ಲಿ ಬೆವರುತ್ತ ಖಾಲಾ. "ತವರಿನಿಂದ ಬಂದದ ಅಂತ ತಿಳ್ಕೋ" ಅಂದರು.

ಇಬ್ಬರೂ ಕೂತು ಅದರ ಹಳೆಯ ಬಣ್ಣ ಕೆರೆದೆವು, ಅಗಸೆ ಎಣ್ಣೆ ಕುಡಿಸಿದೆವು. ಅವ್ವನ ಸೀರೆಗಳನ್ನು ಪದರ ಪದರವಾಗಿ ಹಾಸಿ ಒಂದು ಪುಟ್ಟ ಕೌದಿ ಹೊಲಿದೆವು. ಅವ್ವನ ಸೀರೆಗೆ ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ. ಖಾಲಾ ಕತ್ತರಿ ತೆಗೆದುಕೊಂಡು ತಾವೇ ಮೆಲ್ಲಗೆ ಕತ್ತರಿಸಿಕೊಟ್ಟರು.

ಬಾಣಂತನಕ್ಕೆ ಭಾಲ್ಕಿಯಿಂದ ಅತ್ತೆ ಬಂದರು. ಕೂಸು ಹುಟ್ಟಿತು, ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಅತ್ತೆ ಅದರ ಸುತ್ತ ಎರಡು ಸಲ ಸುಳಿದು, ಕೊನೆಗೆ ಕೇಳಿಯೇಬಿಟ್ಟರು.

"ಇದು ಯಾರ ಮನಿದು?"

"ಗೊತ್ತಿಲ್ರಿ ಅತ್ತಿ. ಖಾಲಾ ತಂದುಕೊಟ್ಟಾರ. ಹಳೇದು."

"ಯಾವ ಕೂಸು ಮಲಗಿತ್ತೋ, ಅದಕ್ಕ ಏನಾಗಿತ್ತೋ... ಹಂಡಿ, ಮೇಜು ಹ್ಯಾಂಗರ ಇರಲಿ. ನಮ್ಮ ಕೂಸಿಗಿ ಇದು ಬ್ಯಾಡ."

ಅತ್ತೆ ಕೆಟ್ಟವರಲ್ಲ. ಅವರ ಮೊದಲ ಕೂಸು ತಿಂಗಳು ತುಂಬುವ ಮೊದಲೇ ಹೋಗಿತ್ತೆಂದು ನನಗೆ ಗೊತ್ತಿತ್ತು. ನಾನು ಎದುರು ಮಾತಾಡಲಿಲ್ಲ. ಆದರೆ ಬಾಗಿಲಲ್ಲಿ ಗಂಜಿಯ ಪಾತ್ರೆ ಹಿಡಿದು ಬಂದಿದ್ದ ಖಾಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದರು. ಆ ಸಂಜೆಯೂ ಬರಲಿಲ್ಲ, ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಅವರ ಮನಸ್ಸು ಮುರಿಯಿತು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡು ನಾನು ಗೋಡೆಗೆ ತಿರುಗಿ ಕಣ್ಣೀರಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಬಂದರು. ಅವರ ಹಿಂದೆ ಬಾಗಿಲ ತುಂಬ ಒಬ್ಬ ಆಳು. ಕಾಳುಕಡಿಯ ಪೇಟೆ ಗಾಂಧಿ ಗಂಜಿನಲ್ಲಿ ಮೂಟೆ ಹೊರುವ ಹಮಾಲ. ಹುರಿಮೀಸೆ, ತೋಳಿನ ಮೇಲೆಲ್ಲ ತೊಗರಿಯ ಧೂಳು.

"ಅಕ್ಕಾ, ಈ ತೊಟ್ಟಿಲದಾಗ ಮಲಗಿದ ಕೂಸು ಇಂವ. ನೋಡ್ಕೋರಿ" ಅಂದರು ಖಾಲಾ.

ಅತ್ತೆ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಹೌದೇನೋ ತಮ್ಮಾ?"

"ಹೌದ್ರಿ ಅವ್ವಾರ. ನಾ ಮಲಗೀನಿ... ನಮ್ಮ ತಮ್ಮಗೋಳೂ ಮಲಗ್ಯಾರ. ಎಲ್ಲಾರೂ ಗಟ್ಟಿ ಅದಾರ್ರಿ."

ಅತ್ತೆ ಅವನ ತೋಳನ್ನೊಮ್ಮೆ, ತೊಟ್ಟಿಲನ್ನೊಮ್ಮೆ ನೋಡಿದರು. ಆಮೇಲೆ, "ನಮ್ದು ಹೆಣ್ಣು ಕೂಸು ತಮ್ಮಾ. ಇಷ್ಟ ದಪ್ಪ ಆಗೋದು ಬ್ಯಾಡ" ಅಂದರು. ಖಾಲಾ ಮೊದಲು ನಕ್ಕರು, ಆಮೇಲೆ ಎಲ್ಲರೂ. ಹಮಾಲನಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಅತ್ತೆ ತಾವೇ ಕೂಸನ್ನು ಎತ್ತಿ ಖಾಲಾ ಕೈಗೆ ಕೊಟ್ಟರು. "ತವರಿನ ಕಡಿಯವರು ನೀವೇ ಅಲ್ಲೇನು? ಹಾಕ್ರಿ" ಅಂದರು.

ಮಗಳು ದೊಡ್ಡವಳಾದ ಮೇಲೆ ಆ ತೊಟ್ಟಿಲನ್ನು ಓಣಿಯ ಇನ್ನೊಬ್ಬ ಬಾಣಂತಿಗೆ ಕೊಟ್ಟೆವು. ಅಲ್ಲಿಂದ ಅದು ಎಲ್ಲಿಗೆ ಹೋಯಿತೋ... ನಾವು ಬೇರೆ ಬಡಾವಣೆಗೆ ಬಂದೆವು. ಖಾಲಾ ಹೈದರಾಬಾದಿನ ಮಗಳ ಮನೆ ಸೇರಿದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಕುರ್ಚಿ ಮುಗಿಸಿದ ವಾರದಲ್ಲೇ ಬೇಳೆ ತರಲು ಗಾಂಧಿ ಗಂಜಿಗೆ ಹೋಗಿದ್ದೆ. ಲಾರಿಯ ಪಕ್ಕ ಕೂತಿದ್ದ ಹಮಾಲನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಆದರೂ ಗುರುತು ಹಿಡಿದೆ. ತೊಟ್ಟಿಲಿನ ಮಾತು ತೆಗೆದೆ. ಅವನು ನಕ್ಕುಬಿಟ್ಟ.

"ನಮ್ಮ ಮನ್ಯಾಗ ಎಲ್ಲಿ ತೊಟ್ಟಿಲು ಬರಬೇಕ್ರಿ ಅಕ್ಕಾ? ನಮ್ಮೂರು ಹಲಬರ್ಗಾದಾಗ ಹೊಲದ ಬೇವಿನ ಗಿಡಕ್ಕ ನಮ್ಮವ್ವ ಸೀರಿ ಕಟ್ಟಿ ಮಲಗಿಸ್ತಿದ್ಲು. 'ಒಂದು ಮಾತು ಹೇಳಿ ಬಾ ಬೇಟಾ, ಒಂದು ಕೂಸು ಸುಖದಾಗ ಮಲಗ್ತದ' ಅಂದ್ರು ಖಾಲಾ. ಹೋಗಿದ್ದೆ."

ಅದೇ ಭಾನುವಾರ ಭಾಲ್ಕಿಗೆ ಹೋಗಿ ಅತ್ತೆಗೆ ಹೇಳಿದೆ. ಅವರಿಗೆ ಈಗ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಪೂರ್ತಿ ಕೇಳಿ, "ನನಗ ಆವತ್ತೇ ಗೊತ್ತಾಗಿತ್ತು. ಅಂವಗ ಸುಳ್ಳು ಹೇಳಲಿಕ್ಕಿ ಎಲ್ಲಿ ಬರ್ತಿತ್ತು" ಅಂದರು.

"ಮತ್ತ ಯಾಕ ಸುಮ್ಮನಿದ್ರಿ?"

"ಅಂಥಾ ಬಿಸಿಲಾಗ ಆಕಿ ಗಂಜಿನ ತನಕ ನಡಕೊಂತ ಹೋಗಿದ್ಲು, ನಮ್ಮ ಕೂಸಿನ ಸಲುವಾಗಿ. ಅಷ್ಟು ಮಾಡಾಕಿ ಕೆಟ್ಟ ತೊಟ್ಟಿಲು ತರ್ತಾಳೇನು?"

ಖಾಲಾ ತಮ್ಮ ಸುಳ್ಳನ್ನು, ಅತ್ತೆ ಅದು ತಮಗೆ ಗೊತ್ತೆಂಬುದನ್ನು ಕೊನೆಯವರೆಗೂ ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದರು. ಈ ಮಾತನ್ನು ಖಾಲಾಗೆ ಮುಟ್ಟಿಸಬೇಕು ಅನ್ನಿಸಿತು, ಆಗಲೇ, ಅಲ್ಲಿಂದಲೇ... ಅತ್ತೆಗೂ ಹಾಗೇ ಅನ್ನಿಸಿರಬೇಕು. "ಆಕಿ ಇರಬೇಕಿತ್ತು ನೋಡು" ಅಂದರು.